ಬೆನಕರಿಗೆ ಇಟ್ಟ ಎಡೆ

ಮದುವೆಯ ವಿಡಿಯೊದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಬಾಯಿ ಆಡುತ್ತದೆ, ಕಣ್ಣೀರು ಇಳಿಯುತ್ತದೆ, ಮೇಲೆ ಸಿನಿಮಾ ಹಾಡು ಓಡುತ್ತದೆ. ತಾಳಿಗೆ ಒಂದು ಹಾಡು, ಹೆಣ್ಣು ಒಪ್ಪಿಸುವುದಕ್ಕೆ ಒಂದು, ಊಟದ ಮನೆಗೆ ಕುಣಿಯುವ ಹಾಡು ಒಂದು. ಕೆಳಗೆ ಮಾತು ಇತ್ತು ಅನ್ನುವುದನ್ನು ಆಡಿದವರೂ ಮರೆತಿರುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡವರು ಮಿಕ್ಸಿಂಗ್ ಮಾಡುವವರು ಮಾತ್ರ. ಕ್ಯಾಮೆರಾದವನು ತಂದದ್ದನ್ನು ಕತ್ತರಿಸಿ, ಜೋಡಿಸಿ, ಮಾತು ಅಳಿಸಿ ಹಾಡು ಹಾಕುವುದು ಅವರ ಕೆಲಸ.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದೆ, ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬೆನಕ ಈ ಕೆಲಸ ಮಾಡುತ್ತಿದ್ದರು. ತಗಡಿನ ಚಾವಣಿ. ಬೇಸಿಗೆಯಲ್ಲಿ ಕಂಪ್ಯೂಟರು ಕಾಯುತ್ತಿತ್ತು, ಅದರ ಮುಂದೆ ಕೂತ ಮೈಯೂ ಕಾಯುತ್ತಿತ್ತು. ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಮೌಸು ಹಿಡಿದ ಕೈಯ ಮಣಿಕಟ್ಟು ಊದಿ, ಅನ್ನ ಕಲಸಲು ಎಡಗೈ ಆಸರೆ ಬೇಕಾಗುತ್ತಿತ್ತು. ಜಗಳೂರು, ಹೊನ್ನಾಳಿ, ನ್ಯಾಮತಿಯ ಸಣ್ಣ ಸ್ಟುಡಿಯೊದವರು ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಕೆಲಸ ಚೊಕ್ಕ ಅನ್ನುತ್ತಿದ್ದರು. ಮದುವೆ ಮನೆಗೆ ಬೆನಕ ಬೇಡ, ಮದುವೆಯ ವಿಡಿಯೊಗೆ ಬೆನಕರೇ ಬೇಕು.

ಹುಟ್ಟಿದಾಗ ಇಟ್ಟ ಹೆಸರು ಬೆನಕಪ್ಪ. ಗಂಡು ಅಂದರೆ ಮೈ ಒಪ್ಪುತ್ತಿರಲಿಲ್ಲ. ಹಾಗಾದರೆ ಹೆಣ್ಣಾ ಅಂತ ಕೇಳಿದರೆ ಅದಕ್ಕೂ ಒಪ್ಪುತ್ತಿರಲಿಲ್ಲ. ಎರಡೂ ಅಲ್ಲದ ಮನುಷ್ಯರು ಇರುತ್ತಾರೆ, ನಾನು ಅಂಥವರು ಅಂತ ತಿಳಿದ ಮೇಲೆ ಹೆಸರಿನ ಬಾಲ ಕತ್ತರಿಸಿ ಬೆನಕ ಅಂತ ಇಟ್ಟುಕೊಂಡರು. ಅಂಗಿ ಪ್ಯಾಂಟು, ಕಣ್ಣಿಗೆ ಕಾಡಿಗೆ, ಹಿಂದೆ ತಿರುವಿ ಕಟ್ಟಿದ ಕೂದಲು. ಊರು ಅವರನ್ನು ಅದು ಅನ್ನುತ್ತಿತ್ತು, ಕಲ್ಲಿಗೆ ಅನ್ನುವ ಹಾಗೆ. ಈ ಕಥೆ ಅವರು ಅನ್ನುತ್ತದೆ. ಸಿಟ್ಟಾಗುವವರು ಆಗಲಿ.

ಹಾಡು ಹಾಕುವ ಮುಂಚೆ ಬೆನಕ ಎಷ್ಟೋ ಮನೆಗಳ ಮಾತು ಕೇಳಿದ್ದರು. ಅಳುವ ಮದುಮಗಳ ಕಿವಿಯಲ್ಲಿ, "ಸಾಕು ಮಾಡೇ, ಮೇಕಪ್ ಕರಗ್ತದೆ." ವಾಲಗದವರಿಗೆ, "ಏ, ನೀವು ಕಂಬದ ಹಿಂದೆ ಕುಂತ್ಕಳ್ರೋ." ಗಂಡ ಸತ್ತ ಅತ್ತೆಗೆ, "ನೀನು ಫೋಟೊದಾಗೆ ಬರಬ್ಯಾಡ." ಆಮೇಲೆ ಸ್ಟುಡಿಯೊದವರ ಫೋನು ಬರುತ್ತಿತ್ತು: ವಾಲಗದವರನ್ನು ತೆಗೀರಿ, ಆ ಅತ್ತೆ ಒಂದು ಕಡೆ ಬಂದಾಳೆ, ತೆಗೀರಿ. ಬೆನಕ ತೆಗೆಯುತ್ತಿದ್ದರು. ಹೊಟ್ಟೆಪಾಡು. ಆದರೆ ತೆಗೆದದ್ದನ್ನು ಎಸೆಯುತ್ತಿರಲಿಲ್ಲ. ಮದುವೆ ಮಾಡಿದವರಿಗೆ ಬೇಡವಾದ ಆ ಚೂರುಗಳನ್ನೆಲ್ಲ ಬೇರೆಯಾಗಿ ಇಟ್ಟುಕೊಳ್ಳುತ್ತಿದ್ದರು. ಯಾಕೆ ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮೊದಲು ಬೆನಕ ಕೂಡ ಮದುವೆಗಳಿಗೆ ಹೋಗಿ ಕ್ಯಾಮೆರಾ ಹೊತ್ತವರೇ. ಅದು ನಿಂತದ್ದು ಹೊನ್ನಾಳಿಯ ಒಂದು ಕಲ್ಯಾಣ ಮಂಟಪದಲ್ಲಿ. ಹೊತ್ತು ಮೂಡುವ ಮುಂಚಿನಿಂದ ಹೆಗಲ ಮೇಲೆ ಕ್ಯಾಮೆರಾ. ಮಧ್ಯಾಹ್ನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಪಂಕ್ತಿಯಲ್ಲಿ ಕೂತರು. ಎಲೆ ಬಿತ್ತು. ಉಪ್ಪು ಬಿತ್ತು, ಕೋಸಂಬರಿ ಬಿತ್ತು. ಆಗ ಪಕ್ಕದಲ್ಲಿ ಕೂತಿದ್ದ ಯಜಮಾನನೊಬ್ಬ ಬೆನಕರ ಕಾಡಿಗೆ ನೋಡಿದ, ಕಿವಿಯ ಓಲೆ ನೋಡಿದ, ಪಂಚೆ ಎತ್ತಿಕೊಂಡು ಎದ್ದು ನಿಂತ.

"ಇದನ್ನ ಯಾರು ಇಲ್ಲಿ ಕುಂದ್ರಿಸಿದ್ದು?"

ಇಡೀ ಸಾಲು ತಿರುಗಿ ನೋಡಿತು. ಬಡಿಸುವವರು ಸೌಟು ಹಿಡಿದು ನಿಂತರು. ಮದುವೆ ಮನೆಯ ಗೋಣೆಪ್ಪ ಅನ್ನುವವನು ಬಂದು ಬೆನಕರ ರಟ್ಟೆ ಹಿಡಿದ. "ಹಿಂದಕ್ಕೆ ಹೋಗಪ್ಪ, ಅಲ್ಲೇ ಕೊಡ್ತಾರೆ. ಇಲ್ಲಿ ಗಲಾಟೆ ಬ್ಯಾಡ." ಬೆನಕ ಎದ್ದರು. ಬಡಿಸುವವರು ಅವರ ಎಲೆಯನ್ನು ಮಡಚಿ ಎತ್ತಿದರು. ಉಪ್ಪು ಮುಟ್ಟದೆ ಹಾಗೇ ಇತ್ತು. ಆ ಉಪ್ಪು ಬೆನಕರ ಕಣ್ಣಿನಿಂದ ಬಹಳ ದಿನ ಹೋಗಲಿಲ್ಲ.

ಹಿಂದೆ ಎಂಜಲೆಲೆ ಎತ್ತುವ ಹೆಂಗಸರು ಪಾತ್ರೆಗಳ ನಡುವೆ ಕೂತು ಉಣ್ಣುತ್ತಿದ್ದರು. ಒಬ್ಬಳು ಸರಿದು ಜಾಗ ಕೊಟ್ಟಳು.

"ಬಾರವ್ವ, ಬಾರಪ್ಪ, ಯಾವುದಾರ ಆಗು. ಮೊದ್ಲು ಉಣ್ಣು."

ಬೆನಕ ನಕ್ಕರು. ಉಂಡರು. ಅವತ್ತೇ ಕ್ಯಾಮೆರಾವನ್ನು ಅವರ ಕಡೆ ತಿರುಗಿಸಿದರು. ಮುಂದೆ ಮದುವೆ ಇದ್ದಲ್ಲೆಲ್ಲ ಆ ಹೆಂಗಸರ ಹಿಂದೆ ಹೋದರು. ಬಗ್ಗಿದ ಸೊಂಟ, ಸಾರು ಚೆಲ್ಲಿ ಜಾರುವ ನೆಲ, ಎಂಜಲು ಹಿಡಿದು ಬಿರಿದ ಬೆರಳ ಸಂದಿ, ತಮಗೆ ಅನ್ನ ಉಳಿಯುತ್ತದೋ ಇಲ್ಲವೋ ಅಂತ ಪಾತ್ರೆಯೊಳಗೆ ಇಣುಕುವ ಕಣ್ಣು. ಹಾಡು ಹಾಕಲಿಲ್ಲ. ಅವರ ಮಾತು, ಬೈಗುಳ, ಎಲೆ ಎಳೆಯುವ ಸದ್ದು, ಅಷ್ಟೇ. 'ಎಲೆ ಎತ್ತುವವರು' ಅಂತ ಹೆಸರಿಟ್ಟರು. ಅದು ಬೆನಕರ ಮೊದಲ ಸಿನಿಮಾ. ಊರೂರಿನ ಗೆಳೆಯರು ಸೇರಿ ಅಲ್ಲಿ ಇಲ್ಲಿ ತೋರಿಸಿದರು. ಹೊನ್ನಾಳಿಯಲ್ಲೂ ಒಂದು ಸಭೆ ಮಾಡಿದರು. ಸಿನಿಮಾ ಮುಗಿದಾಗ ಚಪ್ಪಾಳೆ ಬಿತ್ತು. ನಿರ್ದೇಶಕರು ವೇದಿಕೆಗೆ ಬರಬೇಕು ಅಂತ ಕರೆದರು. ಬೆನಕ ಹತ್ತಿದ ಕೂಡಲೇ ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಮುಖ್ಯ ಅತಿಥಿಗಳು ಬಿಚ್ಚಿ ಹಿಡಿದಿದ್ದ ಶಾಲನ್ನು ಮತ್ತೆ ಮಡಚಿದರು, ಕುರ್ಚಿಯ ಮೇಲೆ ಇಟ್ಟರು, "ತಗೊಳ್ಳಿ" ಅಂದರು. ಹೊದಿಸಲು ಕೈ ಬರಲಿಲ್ಲ.

ಬೆನಕ ಶಾಲನ್ನು ಕುರ್ಚಿಯ ಮೇಲೇ ಬಿಟ್ಟು ಇಳಿದರು. ಅಲ್ಲಿಂದ ಕೋಣೆ ಸೇರಿದವರು ಕೋಣೆಯವರೇ ಆದರು.

ಇನ್ನು ಮನೆಯ ಮಾತು. ಜಗಳೂರು ತಾಲ್ಲೂಕಿನ ಒಂದು ಹಳ್ಳಿ, ಮೆಕ್ಕೆಜೋಳ ಈರುಳ್ಳಿ ಬೆಳೆಯುವ ಮನೆ. ಅಪ್ಪ ಹನುಮಣ್ಣ ತೀರಿಹೋಗಿದ್ದ. ಅವ್ವ ರುದ್ರಾಣಿ, ತಂಗಿ ಚೈತ್ರಶ್ರೀ. ಮನೆಯ ಮಾತು ನಡೆಸುವವನು ಚಿಕ್ಕಪ್ಪ ತಿಪ್ಪೇರುದ್ರಸ್ವಾಮಿ. ಮೂರು ವರ್ಷದ ಹಿಂದೆ, ಅವ್ವನಿಗೆ ಹುಷಾರಿಲ್ಲ ಬಾ ಅಂತ ಚಿಕ್ಕಪ್ಪ ಫೋನು ಮಾಡಿದ. ಬೆನಕ ಓಡಿದರು. ಅವ್ವ ಚೆನ್ನಾಗೇ ಇದ್ದಳು. ನಡುಮನೆಯಲ್ಲಿ ದೊಡ್ಡಕ್ಕ ಅನ್ನುವ ಮುದಿ ಜೋಗಮ್ಮ ಕೂತಿದ್ದಳು. ಮುಂದೆ ತಟ್ಟೆ. ತಟ್ಟೆಯಲ್ಲಿ ಭಂಡಾರ, ಹಸಿರು ಸೀರೆ, ಕೆಂಪು ಬಿಳಿ ಮಣಿಯ ಸರ.

ಅಂಥ ಮಕ್ಕಳಿಗೆ ನಮ್ಮ ಸೀಮೆ ಒಂದು ಜಾಗ ಇಟ್ಟಿದೆ. ಇಲ್ಲ ಅನ್ನುವ ಹಾಗಿಲ್ಲ. ದೇವಿಯ ಹೆಸರಿನಲ್ಲಿ ಕೊರಳಿಗೆ ಆ ಮಣಿಸರ, ಅಂದರೆ ಮುತ್ತು, ಕಟ್ಟಿಸಿಕೊಳ್ಳಬೇಕು, ಸೀರೆ ಉಡಬೇಕು, ದೇವಿಯನ್ನು ಇಟ್ಟ ಬಿದಿರು ಬುಟ್ಟಿ, ಪಡಲಗಿಯನ್ನು ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗಬೇಕು. ಆಗ ಜೋಗಪ್ಪ. ಆಗ ನಿನ್ನೆ ಕಲ್ಲು ಎಸೆದವರೇ ಇವತ್ತು ಕಾಲಿಗೆ ಬೀಳುತ್ತಾರೆ. ಕಾನೂನು ಬೇಡ ಅಂದಿದೆ. ಅದಕ್ಕೆ ಬಾಗಿಲು ಹಾಕಿಕೊಂಡು ಕಟ್ಟುತ್ತಾರೆ. ಬೆನಕರಿಗೆ ಜೋಗಪ್ಪಗಳ ಮೇಲೆ ಸಿಟ್ಟಿರಲಿಲ್ಲ. ಒಪ್ಪಿ ಹೊತ್ತವರಿಗೆ ಅದೂ ಒಂದು ಬದುಕು. ಒಪ್ಪದವರ ತಲೆಗೆ ಹೊರಿಸಲು ಬಂದವರ ಮೇಲೆ ಸಿಟ್ಟು.

"ನೋಡು, ಚೈತ್ರಶ್ರೀಗೆ ಗಂಡು ನೋಡಬೇಕು," ಅಂದ ತಿಪ್ಪೇರುದ್ರಸ್ವಾಮಿ. "ಮನ್ಯಾಗೆ ದೇವರ ಮಗು ಐತೆ ಅಂದ್ರೆ ಬೀಗರು ಕೈ ಮುಗೀತಾರೆ. ಅದು ಬಿಟ್ಟು, ಪ್ಯಾಂಟು ಹಾಕ್ಕೊಂಡು ಕಾಡಿಗೆ ಹಚ್ಕೊಂಡು ವಿಡಿಯೊ ಮಾಡ್ತದೆ ಅಂದ್ರೆ ಯಾರು ಬರ್ತಾರೆ? ಏನಂತ ಹೇಳಾಣ ನಿನ್ನ?"

"ನನ್ನ ಹೆಸರು ಹೇಳ್ರಿ. ಸಿನಿಮಾ ಮಾಡ್ತಾರೆ ಅಂತ ಹೇಳ್ರಿ."

"ಹೇಳ್ತೀವಿ. ಊರು ನಗಲಿ."

ಬೆನಕ ಎಲ್ಲಿಗೆ ಹೋದರೂ ಬಿಡದ ಕ್ಯಾಮೆರಾ ಚೀಲವನ್ನು ಚಿಕ್ಕಪ್ಪ ಆಗಲೇ ಅಟ್ಟಕ್ಕೆ ಹಾಕಿದ್ದ. ಬೇವಿನ ಸೊಪ್ಪು ಹಾಕಿದ ನೀರನ್ನು ಬೆನಕರ ತಲೆ ಮೇಲೆ ಸುರಿದರು. ಒದ್ದೆ ಮೈಗೆ ಅವ್ವನೇ ಸೀರೆ ಸುತ್ತಿದಳು. ಬೆನಕ ಚಳಿಗೂ ನಾಚಿಕೆಗೂ ಹಲ್ಲು ಕಚ್ಚಿಕೊಂಡು ನಿಂತರು. ತಂಗಿಯ ಬಾಳು ಅನ್ನುವ ಮಾತು ಅವರ ಕಾಲು ಕಟ್ಟಿಹಾಕಿತ್ತು. ದೊಡ್ಡಕ್ಕ ಸರ ಎತ್ತಿಕೊಂಡು ಹತ್ತಿರ ಬಂದಳು.

"ಅಜ್ಜಿ, ಇದು ಕಟ್ಟಿದ ಮ್ಯಾಲೆ ನಾನು ಕ್ಯಾಮೆರಾ ಹಿಡೀಬೋದಾ?"

ದೊಡ್ಡಕ್ಕ ನಿಂತಳು. ಸುಳ್ಳು ಹೇಳಲಿಲ್ಲ. "ಜನ ಬಿಡಲ್ಲ ಮಗಾ. ಪಡಲಗಿ ಹೊತ್ತ ತಲೆ ಅಂದ್ರೆ ಅದೊಂದೇ ಕೆಲಸ. ಕೈ ಎತ್ತಿ ಹರಸಬೇಕು. ಕೊಟ್ಟಿದ್ದು ತಿನ್ನಬೇಕು."

"ಹಂಗಾರೆ ಒಲ್ಲೆ."

ಚಿಕ್ಕಪ್ಪನ ಕೈ ಬೆನಕರ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಅಂದಿತು. "ಒಲ್ಲೆ," ಅಂದರು ಮತ್ತೆ. "ನನಗೆ ದೇವರಾಗಾಕೆ ಬ್ಯಾಡ. ನಾನು ಕೆಲಸ ಮಾಡೋ ಮನುಷ್ಯರು. ನನ್ನ ಕಾಲಿಗೆ ಯಾರೂ ಬೀಳಬ್ಯಾಡ್ರಿ. ಪಕ್ಕದಾಗೆ ಕುಂತು ಉಣ್ರಿ, ಸಾಕು."

ಇನ್ನೊಂದು ಏಟಿಗೆ ಕೈ ಎತ್ತಿದವನನ್ನು ದೊಡ್ಡಕ್ಕ ತಡೆದಳು. "ಬಿಡೋ ತಿಪ್ಪೇರುದ್ರ. ನನಗೆ ಕಟ್ಟುವಾಗ ನಾನು ಹಾಲು ಹಲ್ಲಿನ ಕೂಸು. ಯಾರೂ ಕೇಳಲಿಲ್ಲ. ಬಾಯಿ ಬಿಟ್ಟು ಒಲ್ಲೆ ಅಂದವರ ಕೊರಳಿಗೆ ನಾನು ಕಟ್ಟಲ್ಲ." ಸರವನ್ನು ತನ್ನ ಚೀಲಕ್ಕೆ ಹಾಕಿಕೊಂಡು ಅವಳು ಹೊರಟೇಹೋದಳು.

"ಇವತ್ತಿಂದ ನೀನು ನಮ್ಮ ಪಾಲಿಗೆ ಸತ್ತಂಗೆ," ಅಂದ ಚಿಕ್ಕಪ್ಪ.

ಸಿಟ್ಟು ಬಂದಾಗ ಎಲ್ಲ ಮನೆಯಲ್ಲೂ ಅನ್ನುವ ಮಾತು. ಬೆನಕ ಸೀರೆ ಬಿಚ್ಚಿಟ್ಟು, ಅಟ್ಟದಿಂದ ಚೀಲ ಇಳಿಸಿಕೊಂಡು ಬಂದರು. ಅವ್ವ ಆ ಸೀರೆ ಮಡಚುತ್ತ ಕೂತಳು. ಚಿಕ್ಕಪ್ಪ ಆ ಮಾತನ್ನು ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸುತ್ತಾನೆ ಅಂತ ಬೆನಕರಿಗೆ ಆಗ ಹೊಳೆಯಲಿಲ್ಲ.

ಈ ವರ್ಷದ ಮದುವೆ ಕಾಲದಲ್ಲಿ ಜಗಳೂರಿನ ಕೊಟ್ರೇಶ್ ಸ್ಟುಡಿಯೊದಿಂದ ಒಂದು ಡಿಸ್ಕು ಬಂತು. ಕೊಟ್ರೇಶ್ ಬೆನಕರ ಮುಖ ನೋಡಿದವನಲ್ಲ. ಎಲ್ಲ ಫೋನಿನಲ್ಲೇ. ಬೆನಕ ಸರ್ ಅನ್ನುತ್ತಿದ್ದ.

ಬೆನಕ ಹೆಡ್‌ಫೋನು ಹಾಕಿಕೊಂಡು ಮೊದಲ ಕ್ಲಿಪ್ಪು ತೆರೆದರು. ಸುಣ್ಣ ಬಳಿದ ಗೋಡೆ. ಗೋಡೆಯಲ್ಲಿ ಒಂದು ಬಿರುಕು. ಆ ಬಿರುಕು ಅವರಿಗೆ ಗೊತ್ತು. ಚಿಕ್ಕಂದಿನಲ್ಲಿ ಅದರೊಳಗೆ ಬಳಪ ಬಚ್ಚಿಡುತ್ತಿದ್ದರು. ಮುಂದಿನ ಕ್ಲಿಪ್ಪಿನಲ್ಲಿ ಚೈತ್ರಶ್ರೀ, ಮುಖದ ತುಂಬ ಅರಿಶಿನ. ಕದ್ದು ಫೋನು ಮಾಡಿ ಮಾತಾಡುತ್ತಿದ್ದ ತಂಗಿ ಮದುವೆಯ ಸುದ್ದಿ ಮಾತ್ರ ಎತ್ತಿರಲಿಲ್ಲ. ಬೆನಕ ತೆರೆಯ ಮೇಲೆ ಅವಳ ಕೆನ್ನೆಗೆ ಬೆರಳಿಟ್ಟರು. ತೆರೆ ಬಿಸಿಯಾಗಿತ್ತು.

ಆಮೇಲಿನ ಕ್ಲಿಪ್ಪು ಎಡೆಯದು. ಮದುವೆಗೆ ಮುಂಚೆ ಮನೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದು ಬಡಿಸಿ, ಕೈ ಮುಗಿದು, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ಬಡಿದೇ ಒಳಗೆ ಹೋಗಬೇಕು. ಉಣ್ಣುತ್ತಿರುವವರು ಏಳಬೇಕಲ್ಲ.

ಎಡೆಯ ಮುಂದೆ ಎರಡು ಫೋಟೊ ಇದ್ದವು. ಒಂದು ಅಪ್ಪನದು. ಇನ್ನೊಂದು ಹತ್ತನೇ ಕ್ಲಾಸಿನ ಸಮವಸ್ತ್ರದ ಹುಡುಗ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಎರಡಕ್ಕೂ ಹಾರ. ಎರಡಕ್ಕೂ ಎಲೆ. ಹುಡುಗನ ಎಲೆಯ ಪಕ್ಕ ಪ್ಯಾಂಟು ಅಂಗಿಯ ಹೊಸ ಬಟ್ಟೆ.

ಆ ಹುಡುಗ ಬೆನಕ.

ಅವರು ಕ್ಲಿಪ್ಪು ನಿಲ್ಲಿಸಿದರು. ಕೆಳಗೆ ಅಂಗಡಿಯಲ್ಲಿ ಯಾರೋ ಟೈರಿಗೆ ಗಾಳಿ ಹೊಡೆಯುತ್ತಿದ್ದರು. ಕೈ ತಣ್ಣಗಾಗಿತ್ತು. ತಮ್ಮ ಕುತ್ತಿಗೆಯನ್ನು ತಾವೇ ಮುಟ್ಟಿ ನೋಡಿಕೊಂಡರು. ಬಿಸಿ ಇತ್ತು. ಬದುಕಿದ್ದಾಗ ಪಕ್ಕದಲ್ಲಿ ಕೂರಿಸಿಕೊಳ್ಳದ ಜನರೇ, ಸತ್ತಿದೆ ಅಂತ ಹೇಳಿಕೊಂಡು ಎಷ್ಟು ಚೆಂದ ಬಡಿಸಿದ್ದರು. ಹೋಳಿಗೆ, ಮಾವಿನಕಾಯಿ ಚಿತ್ರಾನ್ನ, ಹುರುಳಿಕಾಳಿನ ಪಲ್ಯ. ಎಲ್ಲ ಬೆನಕರಿಗೆ ಇಷ್ಟವಾದದ್ದೇ. ಅವ್ವ ಒಂದನ್ನೂ ಮರೆತಿರಲಿಲ್ಲ.

ಯಾಕೆ ಅನ್ನುವುದು ಅಂಗಳದ ಕ್ಲಿಪ್ಪಿನಲ್ಲಿ ಸಿಕ್ಕಿತು. ಕ್ಯಾಮೆರಾದವನು ಚಪ್ಪರದ ಹೂವು ಹಿಡಿಯುತ್ತಿದ್ದ. ಪಕ್ಕದಲ್ಲಿ ಎರಡು ದನಿ. ಒಂದು ಚಿಕ್ಕಪ್ಪನದು. ಇನ್ನೊಂದು ಗಂಡಿನ ಅಪ್ಪ, ನ್ಯಾಮತಿ ಕಡೆಯ ನಾಗೇಂದ್ರಪ್ಪನದು.

"ಹಿರೇದು ಒಂದು ಅಂಥದ್ದು ಇತ್ತಂತಲ್ಲ ನಿಮ್ಮ ಮನ್ಯಾಗೆ?"

"ಇತ್ರಿ. ಸತ್ತು ಮೂರು ವರ್ಷ ಆತು. ಬೈಪಾಸಿನಾಗೆ ಲಾರಿ ಹೊಡೀತು."

"ಪಾಪ. ಒಳ್ಳೇದಾತು ಬಿಡ್ರಿ. ಅಂಥವು ಇದ್ರೆ ಮನೆಗೂ ಕಷ್ಟ, ಅದಕ್ಕೂ ಕಷ್ಟ."

"ಹೂನ್ರಿ. ಹೋಗಿದ್ದೇ ಒಳ್ಳೇದಾತು."

ಲಾರಿಯನ್ನೂ ತಂದಿದ್ದರು. ಕಥೆ ಕಟ್ಟುವುದು ಬೆನಕರ ಕಸುಬು, ಚಿಕ್ಕಪ್ಪನೂ ಕಡಿಮೆಯಿರಲಿಲ್ಲ. ಬೆನಕರಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು, ಎದ್ದು ಹಿತ್ತಲ ಕಡೆಯ ಕಿಟಕಿಗೆ ಮುಖ ಇಟ್ಟು ನಿಂತರು. ಎಲ್ಲೋ ಅಡಿಕೆ ಬೇಯಿಸುವ ಒಗರು ವಾಸನೆ ಬರುತ್ತಿತ್ತು. ಅವರು ಅತ್ತರು. ಜೋರಾಗಿಯೇ ಅತ್ತರು. ಸತ್ತವರಿಗಾಗಿ ಅಳುವವರು ಯಾರಾದರೂ ಇರಬೇಕಲ್ಲ.

ಮತ್ತೆ ಬಂದು ಎಡೆಯ ಕ್ಲಿಪ್ಪನ್ನು ಪೂರ್ತಿ ನೋಡಿದರು. ಕ್ಯಾಮೆರಾದವನು ಆಫ್ ಮಾಡುವುದು ಮರೆತು, ಸ್ಟ್ಯಾಂಡಿನ ಮೇಲೇ ಬಿಟ್ಟು ಚಾ ಕುಡಿಯಲು ಹೋಗಿದ್ದ. ಎಲ್ಲರೂ ಕೈ ಮುಗಿದು ಆಚೆ ನಡೆದರು. ಕೊನೆಗೆ ಉಳಿದವಳು ಅವ್ವ. ಬಾಗಿಲ ಕಡೆ ತಿರುಗಿ ನೋಡಿದಳು. ಸೊಂಟದ ಎಲೆಯಡಿಕೆ ಚೀಲದಿಂದ ಏನನ್ನೋ ತೆಗೆದು, ಹುಡುಗನ ಹೊಸ ಅಂಗಿಯ ಮಡಿಕೆಯೊಳಗೆ ಸರಸರ ತುರುಕಿದಳು. ಬೆನಕ ಅದನ್ನು ದೊಡ್ಡದು ಮಾಡಿ ನೋಡಿದರು. ಕಾಡಿಗೆ ಡಬ್ಬಿ.

ಅವ್ವ ಹೋದಳು. ಬಾಗಿಲು ಮುಚ್ಚಿತು. ತೆರೆಯ ಮೇಲೆ ಬರೀ ಕೋಣೆ. ದೀಪ ಅಲ್ಲಾಡುತ್ತಿತ್ತು. ಹೋಳಿಗೆಯ ಮೇಲೆ ಒಂದು ನೊಣ ಕೂತಿತು, ಎದ್ದಿತು. ಯಾರೂ ಬರಲಿಲ್ಲ. ಬೆನಕ ತಮ್ಮನ್ನು ತಾವೇ ಕಾಯುತ್ತ ಕೂತಿದ್ದರು. ಅಷ್ಟರಲ್ಲಿ ಹೊರಗಿನಿಂದ ಬಾಗಿಲು ಬಡಿದ ಸದ್ದು.

ಕೊಟ್ರೇಶನ ಫೋನು ಬಂತು.

"ಸರ್, ಎಡೆ ಶಾಟ್ ನೋಡಿದ್ರಾ? ಆ ಹುಡುಗನ ಫೋಟೊ ಮೇಲೆ ಹೂವು ಉದುರೋ ಎಫೆಕ್ಟ್ ಹಾಕ್ರಿ. ಪಕ್ಕದಾಗೆ ಒಂದು ದೀಪ ಉರೀಲಿ. ಕೆಳಗೆ 'ಅಗಲಿದ ಅಣ್ಣನ ಆಶೀರ್ವಾದ' ಅಂತ ಬರ್ಲಿ. ಒಂದು ದುಃಖದ ಹಾಡು ಹಾಕಿಬಿಡ್ರಿ. ತಿಪ್ಪೇರುದ್ರಸ್ವಾಮಿಯೋರು ಖುದ್ದು ಹೇಳ್ಯಾರೆ."

"ಹಾಕಲ್ಲ."

"ಯಾಕ್ರೀ ಸರ್?"

"ಆ ಹುಡುಗ ಸತ್ತಿಲ್ಲ."

"ಇಲ್ಲ ಸರ್, ಸತ್ತು ಮೂರು ವರ್ಷ ಆಗೈತಂತೆ. ಲಾರಿ ಆಕ್ಸಿಡೆಂಟು."

"ನೀವು ಅವರ ಜತೆಗೇ ಮಾತಾಡ್ತಾ ಇದೀರಿ, ಕೊಟ್ರೇಶ್."

ಕೊಟ್ರೇಶ್ ಸಣ್ಣ ದನಿಯಲ್ಲಿ, "ಈಗ ನಾನೇನು ಮಾಡ್ಲಿ ಸರ್?" ಅಂದ.

"ನೀವೇನೂ ಮಾಡಬ್ಯಾಡ್ರಿ. ಮಿಕ್ಸಿಂಗ್ ಮಾಡ್ತೀನಿ. ಹಾಡು ಹಾಕಲ್ಲ. ಆಡಿದ ಮಾತು ಆಡಿದಂಗೇ ಇರ್ತದೆ. ನಾನೇ ತಗೊಂಡು ಹೋಗಿ ಕೊಡ್ತೀನಿ."

"ನನ್ನ ಸ್ಟುಡಿಯೊ ಹೆಸರು ಐತೆ ಸರ್ ಅದ್ರಾಗೆ. ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ."

"ನಿಮ್ಮ ಹೆಸರು ತೆಗೀತೀನಿ. ನನ್ನ ಹೆಸರು ಹಾಕ್ತೀನಿ."

ಎಷ್ಟು ಮದುವೆ ಮಾಡಿದ್ದರೂ ಬೆನಕರ ಹೆಸರು ಒಂದರಲ್ಲೂ ಬಂದಿರಲಿಲ್ಲ.

ಕೆಲಸ ಶುರು ಮಾಡಿದ ಮೇಲೆ ಕೈ ತಡೆಯಿತು. ಚಿಕ್ಕಪ್ಪನ ಮೇಲಿನ ಸಿಟ್ಟು ತಂಗಿಯ ಸಂಸಾರದ ಮೇಲೆ ಬಿದ್ದರೆ? ಮಾವನ ಮನೆಯಿಂದ ಅವಳನ್ನು ಹೊರಗೆ ಹಾಕಿದರೆ? ಹಾಡು ಹಾಕಿಬಿಟ್ಟರೆ ಎಲ್ಲ ಸರಿ. ಹೂವು ಉದುರಿಸಿದರೆ ಮುಗಿಯಿತು. ಬೆನಕ ಸತ್ತಿರುತ್ತಾರೆ, ತಂಗಿ ಬಾಳುತ್ತಾಳೆ. ಆ ಎಫೆಕ್ಟನ್ನು ಒಮ್ಮೆ ಹಾಕಿಯೂ ನೋಡಿದರು. ತಮ್ಮ ಮುಖದ ಮೇಲೆ ಗುಲಾಬಿ ಪಕಳೆ ಬಿದ್ದವು. ತೆಗೆದರು. ಮತ್ತೆ ಹಾಕಿದರು. ಅಷ್ಟರಲ್ಲಿ ಚೈತ್ರಶ್ರೀಯ ಫೋನು.

"ಬೆನಕ, ಡಿಸ್ಕು ಬಂತಾ?"

ಅವಳು ಅಣ್ಣ ಅನ್ನುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬೆನಕ ಹೂಂ ಅಂದರು.

"ಕೊಟ್ರೇಶಣ್ಣಗೆ ನಾನೇ ಹೇಳಿದ್ದು, ಮಿಕ್ಸಿಂಗಿಗೆ ಚನ್ನಗಿರಿಗೇ ಕಳಿಸ್ರಿ ಅಂತ. ಬಾಯಿಲೆ ಹೇಳಾಕೆ ಆಗಲಿಲ್ಲ. ನೀನೇ ನೋಡ್ಲಿ ಅಂತ." ಅವಳು ಅಳುತ್ತಿದ್ದಳು. "ಎಡೆ ಇಟ್ಟಾಗ ನಾನು ಕೈ ಮುಗಿಲಿಲ್ಲ. ಬೇಕಾರೆ ನೋಡು."

ಬೆನಕ ನೋಡಿದರು. ಎಲ್ಲರ ಕೈ ಮೇಲಿತ್ತು. ಮೂಲೆಯಲ್ಲಿ ನಿಂತಿದ್ದ ಚೈತ್ರಶ್ರೀ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಿಜ, ಮುಗಿದಿರಲಿಲ್ಲ.

"ಸೋಮವಾರ ಮಾವನೋರು ಎಲ್ಲ ನಮ್ಮೂರಿಗೆ ಬರ್ತಾರೆ. ಟಿವಿಗೆ ಹಾಕಿ ನೋಡಾಣ ಅಂತ. ಬಾ ನೀನು."

"ನಿನ್ನ ಬಾಳು, ಚೈತ್ರ?"

"ನಮ್ಮನೆಯೋರಿಗೆ ಹೇಳೀನಿ. ಮಾತಾಡಲಿಲ್ಲ. ಬೈಲೂ ಇಲ್ಲ. ಮಾವಗೆ ಗೊತ್ತಿಲ್ಲ. ಏನಾಗ್ತದೋ ಆಗ್ಲಿ. ನಾಳೆ ನೀನು ಚನ್ನಗಿರಿ ಬಸ್ ಸ್ಟ್ಯಾಂಡಾಗೆ ಎದುರಿಗೆ ಬಂದ್ರೆ ನಾನು ಏನನ್ಲಿ? ದೆವ್ವ ಅನ್ಲಾ?"

ಬೆನಕ ಹೂವುಗಳನ್ನು ಅಳಿಸಿಹಾಕಿದರು. ವಾಲಗದವರನ್ನು ಉಳಿಸಿದರು. ಎಲೆ ಎತ್ತುವವರನ್ನು ಉಳಿಸಿದರು. ಅಂಗಳದ ಮಾತನ್ನು ಉಳಿಸಿದರು. ಅವ್ವ ಕಾಡಿಗೆ ತುರುಕಿದ್ದನ್ನು ಮಾತ್ರ ತೆಗೆದು ತಮಗೆ ಇಟ್ಟುಕೊಂಡರು. ಅದು ಅವ್ವನದು. ಕೊನೆಗೆ ಬರೆದರು: ಸಂಕಲನ, ಬೆನಕ.

ಸೋಮವಾರ ಚನ್ನಗಿರಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಆಟೊ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಕೂರಲಿಲ್ಲ. ಅಭ್ಯಾಸವಾಗಿತ್ತು. ಇವತ್ತು ಕಾಡಿಗೆಯನ್ನು ದಿನಕ್ಕಿಂತ ದಪ್ಪಗೆ ಹಚ್ಚಿದ್ದರು.

ಬಾಗಿಲು ತೆರೆದೇ ಇತ್ತು. ಹೊರಗೆ ಚಪ್ಪಲಿಗಳ ರಾಶಿ. ಒಳಗೆ ನಗು, ತಟ್ಟೆಯ ಸದ್ದು. ಬೆನಕ ತೆರೆದ ಬಾಗಿಲನ್ನೇ ಬಡಿದರು. ಎಡೆ ಇಟ್ಟ ಮನೆ, ಬಡಿಯದೆ ಹೋಗಬಾರದು.

ತಿಪ್ಪೇರುದ್ರಸ್ವಾಮಿ ತಿರುಗಿ ನೋಡಿದ. ಅವನ ಮುಖದ ರಕ್ತ ಇಳಿಯಿತು.

"ಯಾರ್ರೀ ಅದು?" ಅಂದ ಕುರ್ಚಿಯಲ್ಲಿ ಕೂತಿದ್ದ ನಾಗೇಂದ್ರಪ್ಪ.

"ಯಾರೋ ಸ್ಟುಡಿಯೊದೋರು. ವಿಡಿಯೊ ಕೊಡಾಕೆ ಬಂದಾರೆ." ಚಿಕ್ಕಪ್ಪ ಬಾಗಿಲಿಗೆ ಅಡ್ಡ ಬಂದು ಕೈ ಚಾಚಿದ. ಹಲ್ಲು ಕಚ್ಚಿ, "ಕೊಟ್ಟು ಹೋಗು," ಅಂದ.

ಬೆನಕ ಪೆನ್‌ಡ್ರೈವನ್ನು ಅವನ ಕೈಗೆ ಕೊಡಲಿಲ್ಲ. ಅವನ ಪಕ್ಕದಿಂದ ಒಳಗೆ ಬಂದರು. ಚೈತ್ರಶ್ರೀ ಎದ್ದು ಬಂದು ಅದನ್ನು ತೆಗೆದುಕೊಂಡು ಟಿವಿಯ ಕಡೆ ಹೋದಳು. ಅವಳ ಗಂಡ ಸಿದ್ದಲಿಂಗೇಶ್ ತಲೆ ತಗ್ಗಿಸಿ ಕೂತೇ ಇದ್ದ.

"ಸ್ಟುಡಿಯೊದವರು ಹೌದು," ಅಂದರು ಬೆನಕ. "ಈ ಮನೆಯವರೂ ಹೌದು. ರುದ್ರಾಣಿಯ ಹಿರೇ ಮಗು, ಬೆನಕ. ನನಗೆ ಎಡೆ ಇಟ್ಟಿದ್ರಂತೆ. ಅವತ್ತು ಬರಾಕೆ ಆಗಲಿಲ್ಲ. ಇವತ್ತು ಉಣ್ಣಾಕೆ ಬಂದೀನಿ."

ಹಾಗೆ ಅಂದವರೇ ನಡುಮನೆಯಲ್ಲಿ, ಎಲ್ಲರ ನಡುವೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಊರಿಕೊಂಡರು.

"ಏಳು ಮೇಲೆ," ಅಂದ ಚಿಕ್ಕಪ್ಪ.

"ಒಮ್ಮೆ ಪಂಕ್ತಿಯಿಂದ ಎದ್ದೀನಿ. ಇನ್ನು ಏಳಲ್ಲ."

ನಾಗೇಂದ್ರಪ್ಪ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಏನ್ರೀ ಇದು ತಿಪ್ಪೇರುದ್ರಸ್ವಾಮಿ? ಸತ್ತೈತೆ ಅಂದಿದ್ರಿ. ಸುಳ್ಳು ಹೇಳಿ ಹೆಣ್ಣು ಕೊಟ್ರಾ? ನಡೀರೋ ಎಲ್ಲರೂ." ದಡದಡ ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದ. ಜತೆಗೆ ಬಂದಿದ್ದ ಇಬ್ಬರು ಎದ್ದರು. ಸಿದ್ದಲಿಂಗೇಶ್ ಏಳಲಿಲ್ಲ, ತಲೆಯೂ ಎತ್ತಲಿಲ್ಲ.

ರುದ್ರಾಣಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಬೆನಕ ಅವಳ ಕಡೆ ನೋಡಿದರು. ಅವಳು ಬೆನಕರ ಕಣ್ಣು ನೋಡಿದಳು. ಕಾಡಿಗೆ ನೋಡಿದಳು. ಒಳಗೆ ತಿರುಗಿದಳು.

"ಅತ್ತಿಗೆ, ಒಂದು ಅಗಳು ಬಡಿಸಿದ್ರೆ ನಾನು ಈ ಮನೆ ಮೆಟ್ಲು ತುಳಿಯಲ್ಲ," ಅಂದ ತಿಪ್ಪೇರುದ್ರಸ್ವಾಮಿ.

ಅವಳು ಕೇಳಿಸಿಕೊಂಡಳು. ಒಂದು ಗಳಿಗೆ ನಿಂತಳು. ಒಳಗೆ ಹೋದಳು.

ಟಿವಿ ಶುರುವಾಯಿತು. ಹಾಡಿಲ್ಲ. ಚಪ್ಪರದ ಹೂವು ಕಾಣಿಸಿತು. ಮನೆಯ ತುಂಬ ದನಿ ಬಂತು: "ಇತ್ರಿ. ಸತ್ತು ಮೂರು ವರ್ಷ ಆತು. ಬೈಪಾಸಿನಾಗೆ ಲಾರಿ ಹೊಡೀತು." ಹಿಂದೆಯೇ ನಾಗೇಂದ್ರಪ್ಪನ ದನಿ: "ಪಾಪ. ಒಳ್ಳೇದಾತು ಬಿಡ್ರಿ."

ಹೊರಗೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ನಾಗೇಂದ್ರಪ್ಪ ತನ್ನ ದನಿ ಕೇಳಿ ನಿಂತ. ಇನ್ನೊಂದು ಚಪ್ಪಲಿ ಕೈಯಲ್ಲೇ ಇತ್ತು. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

ರುದ್ರಾಣಿ ತಟ್ಟೆ ತಂದು ಬೆನಕರ ಮುಂದೆ ಇಟ್ಟಳು. ಮುದ್ದೆ, ಸಾರು, ಹುರುಳಿಕಾಳಿನ ಪಲ್ಯ. ಇಟ್ಟವಳು ಹೋಗಲಿಲ್ಲ, ಅಲ್ಲೇ ಎದುರಿಗೆ ಕೂತಳು. ಬೆನಕ ಊದಿದ ಮಣಿಕಟ್ಟಿನ ಬಲಗೈಯಿಂದ ಮುದ್ದೆ ಮುರಿದರು, ಸಾರಿಗೆ ಅದ್ದಿದರು, ನುಂಗಿದರು. ಟಿವಿಯಲ್ಲಿ ಅವರು ಸತ್ತೇ ಇದ್ದರು. ಚಿಕ್ಕಪ್ಪ ಕೂಗುತ್ತಿದ್ದ. ಯಾರೋ, "ಆರಿಸ್ರಿ ಅದನ್ನ," ಅಂದರು. ಚೈತ್ರಶ್ರೀ ರಿಮೋಟನ್ನು ಸೆರಗಿನೊಳಗೆ ಹಿಡಿದು ನಿಂತಿದ್ದಳು.

"ಉಪ್ಪು ಸರಿ ಐತಾ?" ಅಂದಳು ಅವ್ವ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

"ಕಮ್ಮಿ ಐತೆ," ಅಂದರು ಬೆನಕ.

ರುದ್ರಾಣಿ ಉಪ್ಪು ತರಲು ಎದ್ದಳು.